ಹದ್ದಿನ ಮರಿ ಇಟ್ಟ ಬಾಕ್ಸಲ್ಲಿ ಹುಳ ಸಿಕ್ತು, ಅದು ಯಾರ ಹುಳ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಪಾಂಡವಪುರ ತಾಲ್ಲೂಕು, ವಿ.ಸಿ. ನಾಲೆ ಪಕ್ಕದಲ್ಲೇ ಗದ್ದೆ, ಅಲ್ಲೇ ಮನೆ. ಮೂರು ದಿನದ ಹಿಂದೆ ತೆಂಗಿನ ಮರದ ಕೆಳಗೆ ಒಂದು ಹದ್ದಿನ ಮರಿ ಬಿದ್ದಿತ್ತು. ಪುಕ್ಕ ಎಲ್ಲಾ ಬಂದಿದೆ, ಆದ್ರೆ ಸರಿಯಾಗಿ ಹಾರಕ್ಕೆ ಆಗ್ತಿಲ್ಲ. ನಾಯಿ ಹಿಡಿಯುತ್ತೆ ಅಂತ ತಂದು ಕೊಟ್ಟಿಗೇಲಿ ರಟ್ಟಿನ ಬಾಕ್ಸಿಗೆ ಭತ್ತದ ಹುಲ್ಲು ಹಾಸಿ ಇಟ್ಟಿದೀವಿ. ಊರಲ್ಲಿ ಮಾರಿಹಬ್ಬ ಇತ್ತು, ಮನೇಲಿ ಕುಯ್ದ ನಾಟಿ ಕೋಳಿ ಕರುಳು ಹಾಕಿದ್ವಿ, ಸ್ವಲ್ಪ ತಿಂತು, ಮಿಕ್ಕಿದ್ದು ಅಲ್ಲೇ ಇತ್ತು. ಫಿಲ್ಲರಲ್ಲಿ ಗ್ಲೂಕೋಸ್ ನೀರೂ ಬಾಯಿಗೆ ಬಿಟ್ವಿ. ಮಾರನೇ ದಿನ ನೋಡಿದ್ರೆ ಬಾಕ್ಸಲ್ಲಿ ಮೂರು ಇಂಚು ಉದ್ದದ ಬಿಳಿ ಹುಳ, ಹಿಕ್ಕೆ ಮೇಲೆ ಅಕ್ಕಿ ನುಚ್ಚಿನ ಥರ ಬಿಳಿ ಚೂರುಗಳು, ಅವು ಆಡ್ತಾ ಇದ್ವು. ಈಗ ಮರಿ ಬಾಯಿ ಬಿಟ್ಕೊಂಡು ಉಸಿರಾಡ್ತಿದೆ. ಪಕ್ಕದ ಮನೆಯವರು "ಹಾವು ತಿಂದು ಹುಳ ಆಗೈತೆ, ಬೇವಿನ ರಸ ಕುಡ್ಸಿ ಬುಡು" ಅಂತಾರೆ. ಮೆಡಿಕಲ್ ಸ್ಟೋರಲ್ಲಿ ಅಲ್ಬೆಂಡಜೋಲ್ ಅರ್ಧ ಮಾತ್ರೆ ಕೊಡಿ ಅಂದ್ರು. ನಮ್ಮಮ್ಮ ಗರುಡನ ಜಾತಿಗೆ ಹುಳ ಎಲ್ಲಾ ಆಗಲ್ಲ ಅಂತಾರೆ. ಯಾರ ಮಾತು ಕೇಳೋದು? ಫೋಟೋ ಕಳಿಸಿದ್ರೆ ಯಾವ ಹುಳ ಅಂತ ಹೇಳ್ತೀರಾ? ಮಕ್ಕಳು ಮುಟ್ಟಿದಾರೆ, ಕೋಳಿಗಳೂ ಅಲ್ಲೇ ಓಡಾಡ್ತವೆ, ಇವಕ್ಕೆಲ್ಲ ಹರಡುತ್ತಾ?

ಉತ್ತರ:

ಮೊದಲು ಅರ್ಜೆಂಟ್ ಆಗಿರೋದು ಹೇಳ್ಬಿಡ್ತೀನಿ ಸರ್, ಹುಳದ ವಿಚಾರ ಆಮೇಲೆ. ಮಾತ್ರೆ ಬೇಡ, ಬೇವಿನ ರಸ ಬೇಡ, ಫಿಲ್ಲರ್ ನೀರಂತೂ ಈಗಿಂದೀಗ್ಲೇ ನಿಲ್ಸಿ. ಬಾಕ್ಸಲ್ಲಿರೋ ಹುಲ್ಲು ತೆಗೆದು ಹಳೇ ನ್ಯೂಸ್ ಪೇಪರ್ ಹಾಸಿ, ನಾಲ್ಕು ಕಡೆ ಗಾಳಿಗೆ ತೂತು ಮಾಡಿ, ಕೊಟ್ಟಿಗೆಯಿಂದ ತಂದು ಮನೆಯೊಳಗೆ ತಣ್ಣಗೆ ಕತ್ತಲಾಗಿರೋ ಜಾಗದಲ್ಲಿಡಿ, ಮಕ್ಕಳು ಹೋಗಿ ಹೋಗಿ ಇಣುಕದ ಹಾಗೆ ನೋಡ್ಕೊಳ್ಳಿ. ಆಮೇಲೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಎಲ್ಲಿ ಸಿಕ್ತು ಏನು ತಿನ್ನಿಸಿದ್ರಿ ಎಲ್ಲಾ ಹೇಳಿ. ಯಾಕೆ ಇಷ್ಟು ಅವಸರ ಅಂದ್ರೆ, ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಹುಳಕ್ಕಿಂತ ಆ ಬಾಯಿ ಬಿಡೋದು, ಅದಕ್ಕೂ ಹುಳಕ್ಕೂ ಸಂಬಂಧ ಇರ್ಲೇಬೇಕು ಅಂತೇನಿಲ್ಲ.

ಈಗ ಹುಳಕ್ಕೆ ಬರೋಣ. ಕಾಡುಹಕ್ಕಿ ಹತ್ರ ಹುಳ ಕಂಡ ತಕ್ಷಣ ಎಲ್ರೂ ಕೇಳೋದು ಇದು ಯಾವ ಹುಳ, ಯಾವ ಔಷಧಿ ಅಂತ. ನಾವು ಡಾಕ್ಟ್ರುಗಳು ಅದಕ್ಕೂ ಮುಂಚೆ ಬೇರೆ ಒಂದು ಕೇಳ್ಕೋತೀವಿ, ಇದು ಯಾರ ಹುಳ? ಹಕ್ಕಿಯದ್ದಾ, ಅದು ತಿಂದ ಪ್ರಾಣಿಯದ್ದಾ, ಇಲ್ಲಾ ಆಮೇಲೆ ನೊಣ ಬಂದು ಇಟ್ಟಿದ್ದಾ? ಬೇಟೆ ಹಕ್ಕಿ ಅಂದ್ರೆ ದಿನಾ ಬೇರೆ ಬೇರೆ ಪ್ರಾಣೀನ ಕರುಳು ಸಮೇತ ನುಂಗೋ ಜೀವಿ, ಹಂಗಾಗಿ ಇಲಿ ಹುಳ, ಕೋಳಿ ಹುಳ, ಮಿಡತೆ ಹುಳ ಎಲ್ಲಾ ಇದರ ಸುತ್ತಮುತ್ತ ಕಾಣಿಸ್ಕೋತವೆ, ಹಕ್ಕಿ ಪಾಪ ಕೆಟ್ಟ ಹೆಸರು ತಗೊಳುತ್ತೆ.

ನಿಮ್ಮ ಮೂರು ಇಂಚಿನ ಬಿಳಿ ಹುಳದ ಮೇಲೆ ನನಗೆ ಇದೇ ಅನುಮಾನ. ನಾಟಿ ಕೋಳಿ ಕರುಳಲ್ಲಿ ಅಸ್ಕರಿಡಿಯಾ ಗ್ಯಾಲೈ ಅನ್ನೋ ದುಂಡು ಹುಳ ಬಹಳ ಸಾಮಾನ್ಯ, ಹೆಣ್ಣು ಹುಳ 7ರಿಂದ 11 ಸೆಂಟಿಮೀಟರ್ ತನಕ ಬೆಳೆಯುತ್ತೆ, ಮಾಸಲು ಬಿಳಿ ಬಣ್ಣ, ಎರಡೂ ತುದಿ ಚೂಪು. ನಾಟಿ ಕೋಳಿ ಕುಯ್ಯೋರಿಗೆ ಇದು ಗೊತ್ತಿರುತ್ತೆ, ಕರುಳು ಸೀಳಿದಾಗ ಈಚೆ ಬರುತ್ತಲ್ಲ ಅದೇ. ಅಂಗಡಿ ಬ್ರಾಯ್ಲರ್ ಕರುಳಾಗಿದ್ರೆ ನಾನು ಇಷ್ಟು ಗಟ್ಟಿಯಾಗಿ ಹೇಳ್ತಿರ್ಲಿಲ್ಲ, ಯಾಕಂದ್ರೆ ಆ ಹುಳ ಕೋಳಿ ಹೊಟ್ಟೇಲಿ ದೊಡ್ಡದಾಗಿ ಮೊಟ್ಟೆ ಇಡೋ ಹಂತಕ್ಕೆ ಬರಕ್ಕೇ ಐದಾರು ವಾರ ಬೇಕು, ಬ್ರಾಯ್ಲರ್ ಕೋಳಿ ಅಷ್ಟೊತ್ತಿಗೆ ಅಂಗಡಿಗೆ ಬಂದಿರುತ್ತೆ. ನೀವು ಹಾಕಿದ್ದು ಮನೇಲಿ ಬೆಳೆದ ನಾಟಿ ಕೋಳೀದು, ಅದೂ ಕರುಳು, ಅದೂ ಪೂರ್ತಿ ತಿಂದಿಲ್ಲ. ಹದ್ದಿನ ಹೊಟ್ಟೆ ಆಸಿಡ್ ಬಹಳ ಸ್ಟ್ರಾಂಗು, ನುಂಗಿದ ಕೋಳಿ ಹುಳ ಒಂದು ರಾತ್ರೀಲಿ ಹಿಂದಿಂದ ಇಡಿಯಾಗಿ ಈಚೆ ಬರೋದು ಕಷ್ಟ. ಮಿಕ್ಕಿದ ಕರುಳಿನ ಚೂರಿಂದ ಹುಳ ಹೊರಗೆ ಹರಿದು ಬಂದಿದ್ರೆ ಆಶ್ಚರ್ಯ ಇಲ್ಲ. ಆದ್ರೂ ಬರೀ ಊಹೆ ಮೇಲೆ ಬಿಡಬಾರದು, ಹದ್ದು ಗಿಡುಗಗಳಿಗೆ ಅವರದ್ದೇ ಒಂದು ದೊಡ್ಡ ದುಂಡು ಹುಳ ಇದೆ, ಪೊರೊಸೀಕಮ್ ಅಂತ, ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಪೊರೊಸೀಕಮ್‌ಗೆ ಅನ್ನನಾಳ ಮುಗಿದು ಕರುಳು ಶುರುವಾಗೋ ಜಾಗದಲ್ಲಿ ಒಂದು ಸಣ್ಣ ಉಬ್ಬು, ಪಕ್ಕದಲ್ಲಿ ಮುಂದಕ್ಕೆ ಚಾಚಿರೋ ಒಂದು ಕುರುಡು ಚೀಲ ಇರುತ್ತೆ. ಕೋಳಿ ಹುಳಕ್ಕೆ ಅದೆರಡೂ ಇಲ್ಲ, ಬದಲಿಗೆ ಗಂಡು ಹುಳದ ಬಾಲದ ಹತ್ರ ಒಂದು ದುಂಡನೆ ಹೀರು ಬಟ್ಟಲು ಇರುತ್ತೆ. ಅಷ್ಟು ನೋಡಿದ್ರೆ ಜಗಳ ಮುಗೀತು.

ಇದೇ ಥರ ಮೋಸ ಮಾಡೋವು ಇನ್ನೂ ಇದಾವೆ, ಹೇಳ್ತೀನಿ, ಯಾಕಂದ್ರೆ ಜನ ತಂದು ತೋರ್ಸೋ ಬಾಟ್ಲಿಗಳಲ್ಲಿ ಇವೇ ಜಾಸ್ತಿ. ಇಲಿ ಈಲೀಲಿ ಬೆಕ್ಕಿನ ಲಾಡಿ ಹುಳದ ಮರಿ ಗುಳ್ಳೆ ಕಟ್ಕೊಂಡಿರುತ್ತೆ, ಗುಳ್ಳೆ ಒಡೆದ್ರೆ ಉದ್ದನೆ ಬಿಳಿ ಪಟ್ಟಿ ಥರ ಹುಳ ಈಚೆ ಬರುತ್ತೆ, ಗೂಬೆಗೆ ಇಲಿ ತಿನ್ನಿಸೋರು ಅದನ್ನ ನೋಡಿ ಗಾಬರಿ ಬೀಳ್ತಾರೆ. ಸೂರ್ಯನ ಕುದುರೆ, ಮಿಡತೆ ಇವುಗಳ ಹೊಟ್ಟೆಯಿಂದ ಕೂದಲಿನ ಥರ ಗಟ್ಟಿ ಕಂದು ಹುಳ, ಒಂದೊಂದು ಸಲ ಗೇಣುದ್ದ ಈಚೆ ಬರುತ್ತೆ, ಅದು ಹಕ್ಕಿಗೂ ಬರಲ್ಲ ಮನುಷ್ಯನಿಗೂ ಬರಲ್ಲ. ಇನ್ನು ಹದ್ದು, ಗೂಬೆ ಎಲ್ಲಾ ಜೀರ್ಣ ಆಗದ ಕೂದಲು ಪುಕ್ಕ ಮೂಳೇನ ಉಂಡೆ ಕಟ್ಟಿ ಬಾಯಿಂದ ಉಗುಳ್ತವೆ, ಅದು ಮಾಮೂಲು, ಅದನ್ನ ವಾಂತಿ ಅಂದ್ಕೊಂಡು ಅದರೊಳಗಿನ ಪುಕ್ಕದ ಕಡ್ಡಿ, ನರದ ಚೂರನ್ನ ಹುಳ ಅಂತ ತರೋರೂ ಇದಾರೆ. ಮೈಕ್ರೋಸ್ಕೋಪಲ್ಲೂ ಈ ಮೋಸ ತಪ್ಪಿದ್ದಲ್ಲ, ತಿಂದ ಇಲಿಯ ಹುಳದ ಮೊಟ್ಟೆ ಹಂಗೇ ಕರುಳಲ್ಲಿ ಪಾಸಾಗಿ ಹಿಕ್ಕೇಲಿ ಸಿಗುತ್ತೆ, ಹೊಸಬರು ಅದನ್ನ ಹಕ್ಕಿ ಹುಳ ಅಂತ ರಿಪೋರ್ಟ್ ಬರೆದುಬಿಡ್ತಾರೆ.

ಅಕ್ಕಿ ನುಚ್ಚಿನ ಥರ ಇದ್ದವು ಎರಡರಲ್ಲಿ ಒಂದು. ಬೇಸಿಗೇಲಿ ಕೊಟ್ಟಿಗೇಲಿ ಕರುಳು ಬಿದ್ದಿದ್ರೆ ನೊಣ ಮೊಟ್ಟೆ ಇಟ್ಟು ಒಂದು ದಿನದೊಳಗೇ ಮರಿ ಆಗ್ತವೆ. ನೊಣದ ಮರಿ ಆದ್ರೆ ಒಂದು ತುದಿ ಚೂಪು, ಅಲ್ಲಿ ಕಪ್ಪು ಚುಕ್ಕಿ ಥರ ಬಾಯಿ ಕೊಕ್ಕೆ, ಇನ್ನೊಂದು ತುದಿ ಮೊಂಡ, ಮುಟ್ಟಿದ್ರೆ ಸರಸರ ಹರಿಯುತ್ತೆ. ಲಾಡಿ ಹುಳದ ತುಂಡಾದ್ರೆ ಚಪ್ಪಟೆ, ತಲೆ ಬಾಲ ಗೊತ್ತಾಗಲ್ಲ, ಒಂದೆರಡು ಸಲ ಕುಗ್ಗಿ ಹಿಗ್ಗಿ ಅಲ್ಲೇ ಒಣಗಿ ಅಂಟ್ಕೊಂಡುಬಿಡುತ್ತೆ. ನೊಣದ ಮರಿ ಅಂತ ಗೊತ್ತಾದ್ರೆ ಇನ್ನೊಂದು ಕೆಲಸ ಇದೆ, ಹಕ್ಕಿ ಮೈಮೇಲೆ, ರೆಕ್ಕೆ ಕೆಳಗೆ, ಹಿಂಭಾಗದಲ್ಲಿ ಗಾಯ ಏನಾದ್ರೂ ಇದೆಯಾ, ಅದರಲ್ಲಿ ಹುಳ ಬಿದ್ದಿದೆಯಾ ಅಂತ ನೋಡ್ಬೇಕು. ಹೊಟ್ಟೆ ಹುಳಕ್ಕಿಂತ ಗಾಯದ ಹುಳ ಬೇಗ ಕೊಲ್ಲುತ್ತೆ. ಅದನ್ನ ಡಾಕ್ಟ್ರು ನೋಡ್ಲಿ, ನೀವು ಉಗುರಿನ ಹತ್ರ ಕೈ ಹಾಕ್ಬೇಡಿ, ಹದ್ದು ಕೊಕ್ಕಿಗಿಂತ ಕಾಲಲ್ಲೇ ಕೈ ಹಿಡಿಯೋದು.

ನಿಮ್ಮಮ್ಮನ ಮಾತಿಗೆ ಬರ್ತೀನಿ. ಅವ್ರ ಭಕ್ತಿಗೆ ನನ್ನ ನಮಸ್ಕಾರ, ಆದ್ರೆ ಗರುಡ ಬೇರೆ ನಿಮಗೆ ಸಿಕ್ಕಿರೋ ಹದ್ದು ಬೇರೆ. ಗರುಡ ಅಂದ್ರೆ ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆಯದ್ದು, ಕೆರೆ ನಾಲೆ ಹತ್ರ ಜಾಸ್ತಿ. ಹದ್ದು ಮೈಯೆಲ್ಲ ಕಂದು, ಬಾಲ ಕವಲು, ಮರಿಗೆ ತಲೆ ಎದೆ ಮೇಲೆ ತಿಳಿ ಬಣ್ಣದ ಗೀರು ಇರ್ತವೆ. ಹುಳ ಇಬ್ರಿಗೂ ಬರುತ್ತೆ. ಹೊಟ್ಟೆ ಆಸಿಡ್ ಜೋರಾಗಿದ್ರೆ ಹುಳ ಬದುಕಲ್ಲ ಅಂತ ಓದಿರೋರೂ ಹೇಳ್ತಾರೆ, ಅದೂ ತಪ್ಪು. ಬೇರೆ ಪ್ರಾಣಿಯ ಬೆಳೆದ ಹುಳ ಸಾಯುತ್ತೆ ನಿಜ, ಆದ್ರೆ ಈ ಹಕ್ಕಿಗೆ ಅಂತಲೇ ಇರೋ ಹುಳಗಳ ಮರಿ ಮೈ ಸುತ್ತ ಗುಳ್ಳೆ ಕಟ್ಕೊಂಡು ಆ ಆಸಿಡ್ ದಾಟಕ್ಕೆ ರೆಡಿಯಾಗೇ ಬಂದಿರ್ತವೆ. ಕಾಡಲ್ಲಿ ಆರೋಗ್ಯವಾಗಿ ಹಾರಾಡ್ತಿರೋ ಬೇಟೆ ಹಕ್ಕಿ ಹಿಡಿದು ಪರೀಕ್ಷೆ ಮಾಡಿದ್ರೂ ಏನೋ ಒಂದು ಹುಳ ಸಿಗೋದು ಸಾಮಾನ್ಯ, ಹುಳ ಇರೋದೇ ಕಾಯಿಲೆ ಅಲ್ಲ.

ಪಕ್ಕದ ಮನೆಯವರು ಹೇಳಿದ್ರಲ್ಲಿ ಅರ್ಧ ನಿಜ ಇದೆ, ಅದನ್ನ ತೆಗೆದು ಹಾಕಂಗಿಲ್ಲ. ಹದ್ದಿಗೆ ಹುಳ ಬರೋದು ಊಟದಿಂದಲೇ. ನಿಮ್ಮ ಗದ್ದೇನೇ ತಗೊಳ್ಳಿ. ಹದ್ದಿನ ಹಿಕ್ಕೆ ನೀರಿಗೆ ಬೀಳುತ್ತೆ, ಅದರಲ್ಲಿರೋ ಚಪ್ಪಟೆ ಹುಳದ (ಇಂಗ್ಲಿಷಲ್ಲಿ ಫ್ಲೂಕ್, ಲಾಡಿ ಹುಳ ಬೇರೆ) ಮೊಟ್ಟೆ ಒಡೆದು ಮರಿ ಹೋಗಿ ಗದ್ದೆ ಬಸವನಹುಳದೊಳಗೆ ಸೇರುತ್ತೆ, ಅಲ್ಲಿ ಸಾವಿರಗಟ್ಟಲೆ ಆಗಿ ಈಚೆ ಬಂದು ಗೊದಮೊಟ್ಟೆ ಮೈ ಹೊಕ್ಕುತ್ತೆ, ಗೊದಮೊಟ್ಟೆ ಕಪ್ಪೆ ಆಗುತ್ತೆ, ಕಪ್ಪೇನ ಹಾವು ತಿನ್ನುತ್ತೆ, ಕಪ್ಪೇನೋ ಹಾವನ್ನೋ ಹದ್ದು ತಿನ್ನುತ್ತೆ, ಸ್ಟ್ರೈಜಿಯಾ ಅಂತ ಇರೋ ಹುಳಗಳ ದಾರಿ ಹೆಚ್ಚುಕಮ್ಮಿ ಇದು. ಮುಳ್ಳುತಲೆ ಹುಳದ್ದು ಬೇರೆ ದಾರಿ, ಅದು ಮೊದಲು ಕೀಟದಲ್ಲಿ, ಆಮೇಲೆ ಆ ಕೀಟ ತಿಂದ ಕಪ್ಪೆ ಓತಿಕ್ಯಾತ ಹಾವಿನ ಹೊಟ್ಟೇಲಿ ಕಾದು ಕೂತು ಕೊನೆಗೆ ಹಕ್ಕಿಗೆ ಬರುತ್ತೆ. ಲಾಡಿ ಹುಳ ಇಲಿಯಿಂದ, ಪೊರೊಸೀಕಮ್ ಎರೆಹುಳದಿಂದ ಇಲ್ಲಾ ಎರೆಹುಳ ತಿಂದ ಸಣ್ಣ ಪ್ರಾಣಿಯಿಂದ. ಹಂಗಾಗಿ ಯಾವ ಹಕ್ಕಿ, ಎಲ್ಲಿ ಸಿಕ್ತು, ಏನು ತಿನ್ನುತ್ತೆ ಅಂತ ಗೊತ್ತಾದ್ರೆ ಅರ್ಧ ಗುರುತು ಆಗಿಹೋಯ್ತು. ಮೈಸೂರು ಊರೊಳಗೆ ಪಾರಿವಾಳ ಹಿಡಿಯೋ ಶಿಕ್ರಾ ಗಿಡುಗ, ಮಾಂಸದಂಗಡಿ ಹತ್ರ ಸುತ್ತೋ ಹದ್ದು, ಶ್ರೀರಂಗಪಟ್ಟಣದ ಹೊಳೇಲಿ ಮೀನು ಹಿಡಿಯೋ ಗರುಡ, ಈ ಮೂರರ ಹೊಟ್ಟೇಲೂ ಒಂದೇ ಹುಳ ನಿರೀಕ್ಷೆ ಮಾಡಕ್ಕಾಗಲ್ಲ.

ಇನ್ನರ್ಧ ಗುರುತು ಹುಳ ಸಿಕ್ಕಿದ ಜಾಗದಿಂದ. ಬಾಯಿ, ಗಂಟಲು, ಅನ್ನನಾಳದ ಹತ್ರ ಇರೋದು ಕ್ಯಾಪಿಲೇರಿಯಾ, ದಾರಕ್ಕಿಂತ ಸಣ್ಣ, ಹುಳ ಕಣ್ಣಿಗೆ ಕಾಣೋದೇ ಕಷ್ಟ, ಅದು ಮಾಡಿರೋ ಬಿಳಿ ಹಳದಿ ಪದರ ಮಾತ್ರ ಕಾಣುತ್ತೆ, ಹಕ್ಕಿ ಮಾಂಸ ಬಾಯಿಗೆ ತಗೊಂಡು ತಲೆ ಕೊಡವಿ ಬಿಸಾಡುತ್ತೆ, ನುಂಗಕ್ಕೆ ಒದ್ದಾಡುತ್ತೆ. ಶ್ವಾಸನಾಳದಲ್ಲಿ ಇರೋದು ಸಿಂಗಾಮಸ್, ಕೆಂಪು ಹುಳ, ಗಂಡು ಹೆಣ್ಣು ಜೀವನಪೂರ್ತಿ ಅಂಟ್ಕೊಂಡೇ ಇರೋದ್ರಿಂದ ಇಂಗ್ಲಿಷಿನ ವೈ ಅಕ್ಷರದ ಥರ ಕಾಣುತ್ತೆ, ಒಂದು ಸಲ ನೋಡಿದ್ರೆ ಮರೆಯಲ್ಲ. ಗಾಳಿಚೀಲದಲ್ಲಿ, ಅಂದ್ರೆ ಹಕ್ಕಿ ಪುಪ್ಪುಸಕ್ಕೆ ಸೇರ್ಕೊಂಡಿರೋ ಗಾಳಿ ತುಂಬೋ ಚೀಲಗಳಲ್ಲಿ, ಇರೋದು ಸೆರಾಟೊಸ್ಪಿಕ್ಯುಲಮ್, ಇದು ಹೆಚ್ಚಾಗಿ ಫಾಲ್ಕನ್ ಅನ್ನೋ ಬೇಟೆ ಹಕ್ಕಿಗಳಿಗೆ ಬರೋದು, ಅರಬ್ ದೇಶಗಳಲ್ಲಿ ಫಾಲ್ಕನ್ ಸಾಕೋರು ಇದರ ಬಗ್ಗೆ ಬಹಳ ತಲೆ ಕೆಡಿಸ್ಕೋತಾರೆ. ಇದರ ಮೊಟ್ಟೆ ಗಾಳಿಚೀಲದಿಂದ ಗಂಟಲಿಗೆ ಬಂದು, ಹಕ್ಕಿ ಅದನ್ನ ನುಂಗಿ, ಹಿಕ್ಕೇಲಿ ಈಚೆ ಬರುತ್ತೆ, ಹಂಗಾಗಿ ಹಿಕ್ಕೇಲಿ ಮೊಟ್ಟೆ ಸಿಕ್ತು ಅಂದ್ರೆ ಹುಳ ಕರುಳಲ್ಲೇ ಇದೆ ಅಂತ ಹೇಳಂಗಿಲ್ಲ ನೋಡಿ. ಹೊಟ್ಟೆ ಗೋಡೇಲಿ ಫೈಸಲಾಪ್ಟೆರಾ, ಟೆಟ್ರಾಮಿರಿಸ್ ಥರದವು. ಕರುಳಲ್ಲಿ ದೊಡ್ಡ ದುಂಡು ಹುಳ, ಲಾಡಿ ಹುಳ, ಚಪ್ಪಟೆ ಹುಳ, ಮುಳ್ಳುತಲೆ ಹುಳ ಎಲ್ಲಾ. ಮುಳ್ಳುತಲೆ ಹುಳ ಮುಟ್ಟಿದ್ರೆ ಗಟ್ಟಿ, ಮೈ ಸುಕ್ಕು ಸುಕ್ಕು, ತಲೇನ ಕರುಳಿನ ಗೋಡೆಗೆ ನೆಟ್ಕೊಂಡಿರುತ್ತೆ, ಎಳೆದ್ರೆ ತಲೆ ಅಲ್ಲೇ ಕಿತ್ತು ಉಳಿಯುತ್ತೆ, ತಲೆ ಇಲ್ಲದ ಮುಳ್ಳುತಲೆ ಹುಳ ನೋಡಿ ಜಾತಿ ಹೇಳು ಅಂದ್ರೆ ಲ್ಯಾಬಿನವರಿಗೂ ಬಹಳ ಕಷ್ಟ. ಕಣ್ಣಿನ ರೆಪ್ಪೆ ಒಳಗೂ ಹುಳ ಇರೋದುಂಟು, ಅಪರೂಪ.

ಬಾಯೊಳಗಿನ ಬಿಳಿ ಹಳದಿ ಪದರದ ಬಗ್ಗೆ ಒಂದು ಮಾತು ಜಾಸ್ತಿ ಹೇಳ್ಬೇಕು. ಅದು ಕ್ಯಾಪಿಲೇರಿಯಾ ಹುಳದಿಂದಲೂ ಬರುತ್ತೆ, ಟ್ರೈಕೊಮೊನಾಸ್ ಅನ್ನೋ ಏಕಕೋಶ ಜೀವಿಯಿಂದಲೂ ಬರುತ್ತೆ, ನೋಡಕ್ಕೆ ಎರಡೂ ಗಿಣ್ಣು ಮೆತ್ತಿದಂಗೆ. ಟ್ರೈಕೊಮೊನಾಸ್ ಪಾರಿವಾಳ ತಿಂದ ಹಕ್ಕಿಗೆ ಬರೋದು, ಅದು ಹುಳ ಅಲ್ಲವೇ ಅಲ್ಲ, ಜಂತು ಔಷಧಿ ಎಷ್ಟು ಕೊಟ್ರೂ ಜಗ್ಗಲ್ಲ, ಅದರ ಔಷಧಿನೇ ಬೇರೆ. ಬಾಯಿಂದ ಸ್ವಾಬ್ ತೆಗೆದು ಬಿಸಿ ಆರೋಕ್ಕೆ ಮುಂಚೆ ಸ್ಲೈಡ್ ಮೇಲೆ ಒಂದು ಹನಿ ಸಲೈನಲ್ಲಿ ನೋಡಿದ್ರೆ ಟ್ರೈಕೊಮೊನಾಸ್ ಜೀವಂತ ಓಡಾಡೋದು ಕಾಣುತ್ತೆ, ಕ್ಯಾಪಿಲೇರಿಯಾ ಆದ್ರೆ ನಿಂಬೆಹಣ್ಣಿನ ಆಕಾರದ, ಎರಡೂ ತುದೀಲಿ ಬಿರಡೆ ಇರೋ ಮೊಟ್ಟೆ ಸಿಗುತ್ತೆ. ಐದು ನಿಮಿಷದ ಕೆಲಸ, ಇದನ್ನ ಮಾಡದೇ ಕಣ್ಣಂದಾಜಲ್ಲಿ ಔಷಧಿ ಕೊಟ್ಟು ಹಕ್ಕಿ ಕಳ್ಕೊಂಡಿರೋ ಕೇಸ್ ಕಮ್ಮಿ ಏನಿಲ್ಲ.

ಫೋಟೋ ಕಳಿಸಿದ್ರೆ ಹೇಳ್ತೀರಾ ಅಂದ್ರಲ್ಲ, ಫೋಟೋದಲ್ಲಿ ಗುಂಪು ಹೇಳ್ಬಹುದು, ಅಂದ್ರೆ ದುಂಡು ಹುಳನಾ ಲಾಡಿ ಹುಳನಾ ನೊಣದ ಮರಿನಾ ಅಂತ, ಅದಕ್ಕಿಂತ ಮುಂದೆ ಹೋಗಕ್ಕಾಗಲ್ಲ, ಹೋಗ್ತೀನಿ ಅನ್ನೋರನ್ನ ನಂಬ್ಬೇಡಿ. ಕಳ್ಸೋದಾದ್ರೆ ಹುಳಾನ ಕಪ್ಪು ತಟ್ಟೆ ಮೇಲೆ ಸ್ವಲ್ಪ ನೀರಲ್ಲಿ ಬಿಟ್ಟು ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ತುದಿ ಹತ್ತಿರದಿಂದ ತೆಗೀರಿ. ಫೋಟೋಗಿಂತ ಹುಳಾನೇ ಉಳಿಸೋದು ಉತ್ತಮ. ಗ್ಲೌಸ್ ಹಾಕ್ಕೊಂಡು ಹುಳ ಎತ್ತಿ ನೀರಲ್ಲಿ ತೊಳೆದು ಸಣ್ಣ ಬಾಟ್ಲೀಲಿ ಹಾಕಿ ಫ್ರಿಡ್ಜಲ್ಲಿಡಿ, ಅಡಿಗೆ ಸಾಮಾನು ಇಡೋ ಕಡೆ ಬೇಡ ಮತ್ತೆ, ಇಲ್ಲಾ ಡಾಕ್ಟ್ರ ಹತ್ರ 70 ಪರ್ಸೆಂಟ್ ಆಲ್ಕೋಹಾಲ್ ಇಸ್ಕೊಂಡು ಅದರಲ್ಲಿಡಿ. ಫಾರ್ಮಲಿನ್‌ಗೆ ಹಾಕಿದ್ರೆ ಆಮೇಲೆ ಡಿಎನ್‌ಎ ಪರೀಕ್ಷೆ ಮಾಡಿಸೋಣ ಅಂದ್ರೆ ಬರೋದು ಕಷ್ಟ. ಬಾಟ್ಲಿ ಒಳಗೆ ಪೆನ್ಸಿಲಲ್ಲಿ ಬರೆದ ಚೀಟಿ ಹಾಕಿ, ಯಾವ ಹಕ್ಕಿ, ಯಾವ ಊರು, ಯಾವ ದಿನ, ಎಲ್ಲಿ ಸಿಕ್ತು. ಪೆನ್ನಲ್ಲಿ ಬರೆದ್ರೆ ಆಲ್ಕೋಹಾಲಲ್ಲಿ ಇಂಕ್ ಕರಗಿಹೋಗುತ್ತೆ.

ಹಿಕ್ಕೆ ಸ್ಯಾಂಪಲ್ ಇನ್ನೂ ಮುಖ್ಯ. ಪೇಪರ್ ಹಾಸಿದ್ರೆ ಸುಲಭ. ಹದ್ದಿನ ಹಿಕ್ಕೇಲಿ ಬಿಳಿ ಸುಣ್ಣದಂಥದ್ದು ಮೂತ್ರ, ಅದರಲ್ಲಿ ಹುಳದ ಮೊಟ್ಟೆ ಹುಡುಕಿ ಪ್ರಯೋಜನ ಇಲ್ಲ, ನಡುವೆ ಇರೋ ಕಪ್ಪು ಕಂದು ಭಾಗ ಬೇಕು, ತಾಜಾ ಇರ್ಬೇಕು, ನೆಲದ ಮೇಲೆ ದಿನಗಟ್ಟಲೆ ಬಿದ್ದಿದ್ದಾದ್ರೆ ಮಣ್ಣಿನ ಹುಳ ಎಲ್ಲಾ ಸೇರ್ಕೊಂಡಿರುತ್ತೆ. ಲ್ಯಾಬಲ್ಲಿ ಅದನ್ನ ಎರಡು ಥರ ನೋಡ್ತಾರೆ. ಉಪ್ಪು ಇಲ್ಲಾ ಸಕ್ಕರೆ ಹಾಕಿದ ಗಟ್ಟಿ ದ್ರಾವಣದಲ್ಲಿ ಕಲಸಿದ್ರೆ ದುಂಡು ಹುಳದ ಹಗುರ ಮೊಟ್ಟೆ ಮೇಲಕ್ಕೆ ತೇಲುತ್ತೆ, ಚಪ್ಪಟೆ ಹುಳದ ಮೊಟ್ಟೆ ಭಾರ, ಅದು ತೇಲಲ್ಲ, ಅದಕ್ಕೆ ಬರೀ ನೀರಲ್ಲಿ ಕಲಸಿ ತಳಕ್ಕೆ ಕೂರಿಸಿ ನೋಡ್ಬೇಕು. ಗದ್ದೆ ಬಯಲಿನ ಹದ್ದು ಅಂದಮೇಲೆ ಎರಡೂ ಮಾಡಿ ಅಂತ ಕೇಳಿ, ತುಂಬ ಕಡೆ ತೇಲಿಸೋದೊಂದೇ ಮಾಡಿ ನೆಗೆಟಿವ್ ಅಂತ ಕೊಟ್ಟು ಕಳಿಸ್ತಾರೆ. ಮೊಟ್ಟೆಗಳಲ್ಲೂ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ, ದೊಡ್ಡ ದುಂಡು ಹುಳದ್ದು ದಪ್ಪ ಗೋಡೆ, ಚಪ್ಪಟೆ ಹುಳದ್ದು ಸೈಜಲ್ಲಿ ದೊಡ್ಡದು, ಹಳದಿ, ಒಂದು ತುದೀಲಿ ಮುಚ್ಚಳ, ಲಾಡಿ ಹುಳದ್ದರಲ್ಲಿ ಆರು ಕೊಕ್ಕೆ ಎಣಿಸಬಹುದು, ಹೊಟ್ಟೆ ಗೋಡೆ ಹುಳಗಳದ್ದು ಸಣ್ಣದು, ಒಳಗೆ ಆಗಲೇ ಮರಿ ಸುತ್ಕೊಂಡಿರುತ್ತೆ. ಸಿಂಗಾಮಸ್ ಮೊಟ್ಟೇಗೂ ಕ್ಯಾಪಿಲೇರಿಯಾ ಥರ ಎರಡು ತುದೀಲಿ ಮುಚ್ಚಳ ಇರುತ್ತೆ, ಆದ್ರೆ ಅಗಲ ಜಾಸ್ತಿ. ಒಂದೇ ದಿನದ ಹಿಕ್ಕೆ ಸಾಲಲ್ಲ, ಹುಳ ದಿನಾ ಮೊಟ್ಟೆ ಇಡಲ್ಲ, ಎರಡು ಮೂರು ದಿನ ಬಿಟ್ಟು ಬಿಟ್ಟು ತಗೋಬೇಕು. ತೀರ ಎಳೇ ಮರಿಯಾದ್ರೆ ಒಳಗಿರೋ ಹುಳ ಇನ್ನೂ ಬಲಿತೇ ಇರಲ್ಲ, ಮೊಟ್ಟೆ ಎಲ್ಲಿಂದ ಬರುತ್ತೆ. ತಾಲ್ಲೂಕು ಪಶು ಆಸ್ಪತ್ರೇಲಿ ಮೈಕ್ರೋಸ್ಕೋಪ್ ಇದ್ರೆ ಇಷ್ಟು ಅಲ್ಲೇ ಆಗುತ್ತೆ, ಜಾತಿವರೆಗೂ ಬೇಕು ಅಂದ್ರೆ ಇಲಾಖೆ ಮೂಲಕ ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಕಳಿಸ್ಬೇಕಾಗುತ್ತೆ.

ಸರಿ, ಬಾಯಿ ಬಿಟ್ಕೊಂಡು ಉಸಿರಾಡ್ತಿದೆ ಅಂದ್ರಲ್ಲ. ಸಿಂಗಾಮಸ್ ಇದ್ರೂ ಹೀಗಾಗುತ್ತೆ, ಒಪ್ತೀನಿ. ಆದ್ರೆ ನಿಮ್ಮ ಪತ್ರ ಓದ್ತಿದ್ರೆ ಅದಕ್ಕಿಂತ ಮುಂಚೆ ನಾನು ಮೂರು ವಿಷಯ ಯೋಚನೆ ಮಾಡ್ತೀನಿ. ಒಂದು, ಸೆಕೆ ಮತ್ತೆ ಭಯ, ಬೇಸಿಗೇಲಿ ಕೊಟ್ಟಿಗೆ ಒಳಗೆ ಮುಚ್ಚಿದ ಬಾಕ್ಸು ಅಂದ್ರೆ ಎಂಥಾ ಹಕ್ಕಿನೂ ಬಾಯಿ ಬಿಡುತ್ತೆ. ಎರಡು, ಫಿಲ್ಲರ್ ನೀರು. ಹಕ್ಕಿಗೆ ಶ್ವಾಸನಾಳದ ಬಾಯಿ ನಾಲಿಗೆ ಬುಡದಲ್ಲೇ ತೆರ್ಕೊಂಡಿರುತ್ತೆ, ಮೇಲಿಂದ ಹನಿ ಬಿಟ್ರೆ ನೆಟ್ಟಗೆ ಪುಪ್ಪುಸಕ್ಕೆ ಹೋಗೋ ಚಾನ್ಸ್ ಜಾಸ್ತಿ. ಪ್ರೀತಿಯಿಂದ ಕುಡಿಸಿದ ನೀರಿಂದ ನ್ಯುಮೋನಿಯಾ ಆಗಿ ಸಾಯೋ ಹಕ್ಕಿಗಳು ಬೇಸಿಗೇಲಿ ಬರ್ತಾನೇ ಇರ್ತವೆ. ಹದ್ದಿಗೆ ಬೇಕಾದ ನೀರು ಬಹುಪಾಲು ಮಾಂಸದಲ್ಲೇ ಸಿಗುತ್ತೆ. ಮೂರು, ಭತ್ತದ ಹುಲ್ಲು, ಸ್ವಲ್ಪ ಮುಗ್ಗಲು ಹಿಡಿದಿದ್ರೂ ಅದರ ಬೂಷ್ಟಿನ ಧೂಳಿಂದ ಆಸ್ಪರ್ಜಿಲೋಸಿಸ್ ಅಂತ ಗಾಳಿಚೀಲದ ಕಾಯಿಲೆ ಬರುತ್ತೆ, ಎರಡು ದಿನಕ್ಕೇ ಬರಲ್ಲ, ಆದ್ರೆ ಆ ಹುಲ್ಲಲ್ಲಿ ಇನ್ನೂ ಇಡೋದು ಬೇಡ. ಇವು ಬಿಟ್ಟು ಗಂಟಲಲ್ಲಿ ಪದರ ಇದೆಯಾ, ಬಿದ್ದಾಗ ಎದೆಗೆ ಪೆಟ್ಟಾಗಿದೆಯಾ ಅಂತ ನೋಡ್ಬೇಕು. ಕಬ್ಬಿನ ಗದ್ದೇಲಿ ಇಲಿ ಪಾಷಾಣ ಇಟ್ಟಿದ್ರಾ ಅಂತಲೂ ವಿಚಾರಿಸಿ, ವಿಷ ತಿಂದ ಇಲೀನ ತಂದೆತಾಯಿ ಹದ್ದು ತಂದು ಮರಿಗೆ ತಿನ್ನಿಸಿರಬಹುದು.

ಔಷಧಿ ಕಥೆಗೆ ಬರೋಣ. ಮೆಡಿಕಲ್ ಸ್ಟೋರ್ ಮಾತ್ರೆ 400 ಮಿಲಿಗ್ರಾಂದು, ಅದು ಮನುಷ್ಯರಿಗೆ ಮಾಡಿದ್ದು, ಅರ್ಧ ಅಂದ್ರೂ 200 ಮಿಲಿಗ್ರಾಂ, ನಿಮ್ಮ ಹದ್ದು ತೂಗೋದು ಅರ್ಧ ಕೇಜಿ ಚಿಲ್ಲರೆ. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಈ ಗುಂಪಿನ ಔಷಧಿ ಹಸು ನಾಯಿಗೆ ಬಹಳ ಸೇಫು, ಆ ಧೈರ್ಯದಲ್ಲೇ ಜನ ಹಕ್ಕಿಗೂ ಕೊಡ್ತಾರೆ. ಹಕ್ಕಿಗಳಲ್ಲಿ ಕೆಲವು ಜಾತಿಗೆ ಇದು ವಿಷ, ಮೂಳೆ ಮಜ್ಜೆ ಕೆಲಸ ನಿಲ್ಲಿಸಿ ಬಿಳಿ ರಕ್ತಕಣ ಕುಸಿದು ಸಾಯ್ತವೆ. ಫೆನ್‌ಬೆಂಡಜೋಲಿಂದ ಹೀಗಾಗಿರೋದು ಪಾರಿವಾಳದಲ್ಲಿ, ಆಫ್ರಿಕಾದ ರಣಹದ್ದುಗಳಲ್ಲಿ, ಪೇಂಟೆಡ್ ಸ್ಟಾರ್ಕ್ ಕೊಕ್ಕರೇಲಿ ದಾಖಲಾಗಿದೆ, ನಮ್ಮ ರಂಗನತಿಟ್ಟು ಕೊಕ್ಕರೆ ಬೆಳ್ಳೂರಲ್ಲಿ ಗೂಡು ಕಟ್ಟೋ ಅದೇ ಕೊಕ್ಕರೆ. ಹೊಸ ಪುಕ್ಕ ಬರ್ತಿರೋ ಟೈಮಲ್ಲಿ ಕೊಟ್ರೆ ಪುಕ್ಕ ಸೊಟ್ಟ ಬರುತ್ತೆ, ನಿಮ್ಮ ಮರಿ ಈಗ ಅದೇ ವಯಸ್ಸಲ್ಲಿದೆ. ಪುಕ್ಕ ಕೆಟ್ಟ ಹದ್ದು ಮುಂದಿನ ಸಲ ಪುಕ್ಕ ಬದಲಾಗೋ ತನಕ ಬೇಟೆ ಆಡಂಗಿಲ್ಲ.

ಇನ್ನೊಬ್ರು ಯಾರಾದ್ರೂ ಹಸುಗೆ ಹಾಕೋ ಐವರ್ಮೆಕ್ಟಿನ್ ಇಂಜೆಕ್ಷನ್ ಒಂದು ತೊಟ್ಟು ಬಾಯಿಗೆ ಬಿಡಿ ಅಂತಾರೆ, ಅದಕ್ಕೂ ಮುಂಚೆನೇ ಲೆಕ್ಕ ಹೇಳ್ಬಿಡ್ತೀನಿ. ಆ ಬಾಟ್ಲೀಲಿ ಒಂದು ಎಂಎಲ್‌ಗೆ 10 ಮಿಲಿಗ್ರಾಂ ಇರುತ್ತೆ. ಹಕ್ಕಿಗೆ ಸಾಮಾನ್ಯವಾಗಿ ಲೆಕ್ಕ ಹಾಕೋದು ಕೇಜಿಗೆ 0.2 ಮಿಲಿಗ್ರಾಂ, 600 ಗ್ರಾಂ ಹದ್ದಿಗೆ 0.12 ಮಿಲಿಗ್ರಾಂ, ಅಂದ್ರೆ 0.012 ಎಂಎಲ್, ಸಿರಿಂಜಲ್ಲಿ ಅಳೆಯಕ್ಕೂ ಆಗದಷ್ಟು. ಒಂದು ತೊಟ್ಟು ಸುಮಾರು 0.05 ಎಂಎಲ್, ನಾಲ್ಕು ಪಟ್ಟು ಜಾಸ್ತಿ. ನಾವು ಅದನ್ನ ಸರಿಯಾದ ದ್ರವದಲ್ಲಿ ತೆಳು ಮಾಡಿ, ತೂಕ ನೋಡಿ ಕೊಡ್ತೀವಿ. ಸರಿಯಾದ ಡೋಸ್ ಕೊಟ್ರೂ ಹುಳ ಬಹಳ ಇದ್ದಾಗ ಬೇರೆ ತೊಂದರೆ ಇದೆ, ಗಾಳಿಚೀಲದಲ್ಲೋ ಶ್ವಾಸನಾಳದಲ್ಲೋ ಎಲ್ಲಾ ಒಟ್ಟಿಗೆ ಸತ್ತು ಅಲ್ಲೇ ಕೊಳೆತು ಹಕ್ಕಿಗೆ ಉಸಿರು ಕಟ್ಟುತ್ತೆ. ಲಾಡಿ ಹುಳಕ್ಕೆ ಚಪ್ಪಟೆ ಹುಳಕ್ಕೆ ಐವರ್ಮೆಕ್ಟಿನ್ ನಾಟೋದೂ ಇಲ್ಲ, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು, ಮುಳ್ಳುತಲೆ ಹುಳಕ್ಕಂತೂ ನಂಬಿಕೆಯ ಔಷಧಿ ಸಿಗೋದೇ ಕಷ್ಟ. ಅದಕ್ಕೇ ಗುರುತು ಹಿಡೀರಿ ಅಂತ ಬಡ್ಕೊಳ್ಳೋದು, ಹೆಸರು ಗೊತ್ತಿರ್ಲಿ ಅಂತ ಚಪಲಕ್ಕಲ್ಲ. ಬೇವಿನ ರಸ ಹದ್ದಿನ ಹುಳ ಸಾಯಿಸುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಕುಡಿಸೋಕೆ ಹೋದ್ರೆ ಗ್ಲೂಕೋಸ್ ನೀರಿನ ಕಥೆನೇ. ನೋವಿಗೆ ಅಂತ ಮನೇಲಿರೋ ಡೈಕ್ಲೋಫೆನಾಕ್ ಕೊಡೋದೂ ಬೇಡ, ರಣಹದ್ದುಗಳು ನಾಶ ಆಗಿದ್ದೇ ಅದರಿಂದ, ದನಕ್ಕೆ ಕೊಡೋದನ್ನ 2006ರಲ್ಲೇ ಬ್ಯಾನ್ ಮಾಡಿದಾರೆ.

ಹಂಗಾದ್ರೆ ಈಗ ಏನ್ ಮಾಡೋದು. ಉಸಿರಾಟ ಮನೆಯೊಳಗೆ ತಣ್ಣಗಿಟ್ಟ ಮೇಲೆ ಒಂದೆರಡು ಗಂಟೇಲಿ ಸರಿಹೋಗಿ, ಮರಿ ಎದ್ದು ನಿಂತು ಕಣ್ಣು ಚುರುಕಾಗಿ ನಿಮ್ಮನ್ನ ಹೆದರಿಸಕ್ಕೆ ನೋಡಿದ್ರೆ, ಅದಕ್ಕೆ ಕಾಯಿಲೆನೇ ಇಲ್ದೇ ಇರಬಹುದು. ಬೇಸಿಗೇಲಿ ಹದ್ದಿನ ಮರಿಗಳು ಹಾರೋದು ಕಲಿಯೋವಾಗ ಕೆಳಗೆ ಬೀಳೋದು ಮಾಮೂಲು, ಗೂಡು ಬಿಟ್ಟ ಮೇಲೂ ವಾರಗಟ್ಟಲೆ ತಂದೆತಾಯಿನೇ ಊಟ ಕೊಡೋದು. ಇಲಾಖೆಯವರು ಬಂದು ನೋಡಿ ಸರಿ ಇದೆ ಅಂದ್ರೆ ಅದೇ ಮರದ ಹತ್ರ ನಾಯಿಗೆ ಎಟುಕದ ಎತ್ತರದಲ್ಲಿ ಬಿಡೋದೇ ಒಳ್ಳೇದು, ಹೊಟ್ಟೇಲಿ ನಾಲ್ಕು ಹುಳ ಇದ್ರೂ ಪರವಾಗಿಲ್ಲ. ಬಿಡೋವಾಗ ತಲೆಗೆ ಹೆಲ್ಮೆಟ್ ಹಾಕ್ಕೊಳ್ಳಿ, ತಾಯಿ ಹದ್ದು ಎರಗುತ್ತೆ. ಅದಲ್ಲದೇ ಎದೆ ಮೂಳೆ ಚೂಪಾಗಿ ಕೈಗೆ ಸಿಗ್ತಿದೆ, ತಲೆ ಜೋಲಾಡ್ತಿದೆ, ಉಸಿರಲ್ಲಿ ಗೊರಗೊರ ಸದ್ದಿದೆ ಅಂದ್ರೆ ತಡ ಮಾಡ್ದೇ ಚಿಕಿತ್ಸೆಗೆ ಹೋಗ್ಬೇಕು. ಮೈಸೂರು ಮೃಗಾಲಯದವರ ಪುನರ್ವಸತಿ ಕೇಂದ್ರ ಕೂರ್ಗಳ್ಳೀಲಿದೆ, ಎಲ್ಲಿಗೆ ಕಳ್ಸೋದು ಅಂತ ಇಲಾಖೆಯವರೇ ನಿರ್ಧಾರ ಮಾಡ್ತಾರೆ. ಅಲ್ಲೂ ಮೊದಲ ದಿನವೇ ಜಂತು ಔಷಧಿ ಕೊಡಲ್ಲ, ನಿತ್ರಾಣ ಆಗಿರೋ ಹಕ್ಕಿಗೆ ಮೊದಲು ನೀರಿನಂಶ ಕೊಟ್ಟು ಬಿಸಿ ಹಿಡಿಸಿ ಸ್ವಲ್ಪ ಶಕ್ತಿ ಬಂದ ಮೇಲೆ ಹುಳದ ಕಡೆ ಹೋಗೋದು. ಎಷ್ಟೋ ಸಲ ಹುಳ ಹೆಚ್ಚಾಗಿ ಹಕ್ಕಿ ಸೊರಗಿರಲ್ಲ, ಬೇರೆ ಯಾವುದರಿಂದಲೋ ಸೊರಗಿದ್ದಕ್ಕೆ ಹುಳ ಹೆಚ್ಚಾಗಿರುತ್ತೆ. ಮೂರನೇ ದಾರಿ ಅಂದ್ರೆ ನೀವೇ ಇಟ್ಕೊಂಡು ಸಾಕೋದು, ಅದು ಬೇಡ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದಕ್ಕಿಂತ ಹೆಚ್ಚಾಗಿ ಮನುಷ್ಯರ ಕೈಲಿ ಬೆಳೆದ ಹದ್ದು ವಾಪಸ್ ಹದ್ದಾಗೋದು ಕಷ್ಟ. ಅವರು ಬರೋ ತನಕ ತಿನ್ನಿಸಲೇಬೇಕು ಅಂದ್ರೆ, ಮರಿ ಚುರುಕಾಗಿದ್ರೆ ಮಾತ್ರ, ಕರುಳು ಇಲ್ದೇ ಇರೋ ಹಸಿ ಮಾಂಸದ ಸಣ್ಣ ಚೂರು ಮುಂದೆ ಇಡಿ, ತಾನೇ ತಿಂದ್ರೆ ತಿನ್ಲಿ.

ಒಂದು ವೇಳೆ ಮರಿ ಸತ್ತೋದ್ರೆ ಹೂಳಬೇಡಿ, ಇಲಾಖೆಗೆ ಹೇಳಿ, ಪೋಸ್ಟ್‌ಮಾರ್ಟಮಲ್ಲಿ ಸಿಗೋಷ್ಟು ಸರಿಯಾದ ಗುರುತು ಬದುಕಿರೋ ಹಕ್ಕಿ ಹಿಕ್ಕೇಲಿ ಯಾವತ್ತೂ ಸಿಗಲ್ಲ. ಕೊಕ್ಕರೆ ಬೆಳ್ಳೂರಲ್ಲಿ 2017ರ ಕೊನೆಯಿಂದ ಹೆಜ್ಜಾರ್ಲೆಗಳು (ಪೆಲಿಕನ್) ಸಾಯಕ್ಕೆ ಶುರುವಾದಾಗ ಒಳಗೆ ದುಂಡು ಹುಳ ತುಂಬಿರೋದು ಗೊತ್ತಾಗಿದ್ದು ಹಾಗೇನೇ. ಆದ್ರೆ ಸುತ್ತಮುತ್ತ ಕಾಗೆ, ಕೊಕ್ಕರೆ, ಕೋಳಿ ಒಂದಕ್ಕಿಂತ ಹೆಚ್ಚು ಸತ್ತಿದ್ರೆ ಮುಟ್ಟಲೇಬೇಡಿ, ಅದು ಹುಳದ ವಿಷಯ ಅಲ್ಲ, ಹಕ್ಕಿಜ್ವರ ಇರಬಹುದು. 2017ರ ಜನವರೀಲಿ ಎಚ್5ಎನ್8 ಬಂದು ಮೈಸೂರು ಝೂ ಒಂದು ತಿಂಗಳು ಮುಚ್ಚಿದ್ದು ನೆನಪಿರಬಹುದು.

ಮಕ್ಕಳ ಬಗ್ಗೆ ಹೆದರ್ಬೇಡಿ. ಹದ್ದಿನ ಈ ಹುಳಗಳು ಮುಟ್ಟಿದ ಮಾತ್ರಕ್ಕೆ ಮನುಷ್ಯರಿಗೆ ಬರಲ್ಲ, ಬಹುಪಾಲು ಹುಳಕ್ಕೆ ನಡುವೆ ಬಸವನಹುಳನೋ ಕೀಟನೋ ಕಪ್ಪೆನೋ ಬೇಕೇ ಬೇಕು. ಬರೋದಾದ್ರೆ ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ, ಸೋಪ್ ಹಾಕಿ ಕೈ ತೊಳೆಸಿ, ಭೇದಿ ಜ್ವರ ಬಂದ್ರೆ ಡಾಕ್ಟ್ರಿಗೆ ಹಕ್ಕಿ ಮುಟ್ಟಿದ್ದು ಹೇಳಿ, ಉಗುರು ಗೀರಿದ್ರೆ ಟಿಟಿ ಹಾಕ್ಸಿ.

ಕೋಳಿಗಳದ್ದು ಸ್ವಲ್ಪ ಬೇರೆ. ಸಿಂಗಾಮಸ್ ಇದ್ರೆ ಅದು ಕೋಳಿಗೂ ಬರೋ ಹುಳ, ಹಂಗಾಗಿ ಬಾಕ್ಸು, ಹುಲ್ಲು, ಹಿಕ್ಕೆ ಎಲ್ಲಾ ಸುಟ್ಟುಬಿಡಿ, ಆ ಜಾಗದಲ್ಲಿ ಕೋಳಿ ಕೆದಕದ ಹಾಗೆ ಮಾಡಿ. ಆದ್ರೆ ಆ ಮೂರಿಂಚಿನ ಹುಳ ನಾನಂದಂಗೆ ಅಸ್ಕರಿಡಿಯಾನೇ ಆಗಿದ್ರೆ ಅದು ನಿಮ್ಮ ಕೋಳಿಯಿಂದಲೇ ಬಂದಿರೋದು, ಮಿಕ್ಕ ಕೋಳಿಗಳ ಹೊಟ್ಟೇಲೂ ಇದೆ ಅಂತಲೇ ಲೆಕ್ಕ. ಹುಳದ ಬಾಟ್ಲಿ ತಗೊಂಡು ಪಶು ಆಸ್ಪತ್ರೆಗೆ ಹೋಗ್ತೀರಲ್ಲ, ಅವತ್ತೇ ಕೋಳಿ ಹಿಕ್ಕೇನೂ ಒಂದು ಕವರಲ್ಲಿ ತಗೊಂಡೋಗಿ ತೋರಿಸಿ, ಅವಕ್ಕೆ ನೀರಲ್ಲಿ ಹಾಕೋ ಜಂತು ಔಷಧಿ ಅಲ್ಲೇ ಬರೆದು ಕೊಡ್ತಾರೆ.